ತೊಳೆಯುವ ಮುನ್ನ ಪೈಪ್ ಯಾವುದರದ್ದು ಅಂತ ನೋಡಿ

ತಂಬಾಕು ಸೇದುವ ಹಳೆಯ ಪೈಪ್ ತಂದು ನನ್ನ ಮೇಜಿನ ಮೇಲಿಡುವವರು ಹೆಚ್ಚಾಗಿ ಕೇಳುವುದು ಒಂದೇ ಮಾತು. "ಇದನ್ನ ತೊಳೆದು ಹೊಸದರ ಹಾಗೆ ಮಾಡಿ ಕೊಡ್ತೀರಾ?" ಅದು ಅಜ್ಜನದ್ದಿರುತ್ತದೆ, ಇಲ್ಲವೇ ಹಳೆ ಸಾಮಾನಿನ ಜೊತೆ ಬಂದದ್ದಿರುತ್ತದೆ. ವಸ್ತುಸಂಗ್ರಹಾಲಯದ ಸಾಮಾನುಗಳನ್ನು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಉತ್ತರ ಹೇಳುವ ಮೊದಲು ಪೈಪನ್ನು ಕೈಗೆತ್ತಿಕೊಳ್ಳುತ್ತೇನೆ. ಹಗುರವೋ ಭಾರವೋ, ಮುಟ್ಟಿದರೆ ತಣ್ಣಗಿದೆಯೋ ಬೆಚ್ಚಗಿದೆಯೋ, ವಾಸನೆ ಎಂಥದ್ದು, ಇಷ್ಟು ನೋಡುತ್ತೇನೆ. ಯಾವುದರಿಂದ ಮಾಡಿದ್ದು ಅಂತ ಗೊತ್ತಾಗುವ ತನಕ ಒಂದು ಹನಿ ನೀರೂ ಮುಟ್ಟಿಸುವುದಿಲ್ಲ.

ಪೈಪ್ ಮಾಡುವವನ ಕಷ್ಟ ಸ್ವಲ್ಪ ಯೋಚಿಸಿ. ಈ ತುದಿಯ ಬಟ್ಟಲಲ್ಲಿ ಕೆಂಡ, ಆ ತುದಿಯಲ್ಲಿ ತುಟಿ. ಎಷ್ಟೋ ಪೈಪುಗಳಲ್ಲಿ ನಡುವೆ ಒಂದು ಗೇಣು ಇದ್ದರೆ ಜಾಸ್ತಿ. ಅಷ್ಟರೊಳಗೆ ಹೊಗೆ ತಣ್ಣಗಾಗಬೇಕು. ಹೊಗೆಯ ಜೊತೆ ಬರುವ ತೇವ ಎಲ್ಲಾದರೂ ಇಂಗಬೇಕು. ಬಟ್ಟಲು ಉರಿದು ಹೋಗಬಾರದು, ಕೈಯೂ ಸುಡಬಾರದು. ಮಣ್ಣು, ಕಲ್ಲು, ಗಿಡದ ಗಂಟು, ಮೆಕ್ಕೆಜೋಳದ ದಿಂಡು, ಎಲ್ಲವನ್ನೂ ಜನ ಈ ಕಷ್ಟಕ್ಕಾಗಿಯೇ ಹುಡುಕಿಕೊಂಡರು.

ತಂಬಾಕು ಅಮೆರಿಕ ಖಂಡದ ಗಿಡ. ತಂಬಾಕಿನ ಪೈಪೂ ಅಲ್ಲಿಯದೇ. ಇವತ್ತಿನ ಮಿನೆಸೋಟ ರಾಜ್ಯದಲ್ಲಿ ಕೆಂಪು ಕಲ್ಲಿನ ಗಣಿಯೊಂದಿದೆ. ತುಂಬಾ ಗಟ್ಟಿಯಾದ ಬಂಡೆಯ ಕೆಳಗೆ ಮೆತ್ತನೆಯ ಒಂದು ತೆಳು ಪದರ. ಚಾಕುವಿನಲ್ಲೇ ಕೆತ್ತಬಹುದು, ಬೆಂಕಿಗೆ ಜಗ್ಗುವುದಿಲ್ಲ. ಮೂಲನಿವಾಸಿಗಳು ಶತಮಾನಗಳಿಂದ ಅಲ್ಲಿ ಕಲ್ಲು ತೆಗೆಯುತ್ತಿದ್ದರು. 1836ರಲ್ಲಿ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ಅಲ್ಲಿಗೆ ಹೋಗಿ ಬಂದ ಮೇಲೆ ಕಲ್ಲಿಗೆ ಅವನ ಹೆಸರೇ ಅಂಟಿಕೊಂಡಿತು, ಕ್ಯಾಟ್ಲಿನೈಟ್ ಅಂತ. 1937ರಲ್ಲಿ ಆ ಜಾಗ ಪೈಪ್‌ಸ್ಟೋನ್ ರಾಷ್ಟ್ರೀಯ ಸ್ಮಾರಕವಾಯಿತು. ಈಗಲೂ ಕಲ್ಲು ತೆಗೆಯುವ ಹಕ್ಕು ಮೂಲನಿವಾಸಿ ಬುಡಕಟ್ಟುಗಳ ಸದಸ್ಯರಿಗೆ ಮಾತ್ರ.

ಅವರಿಗೆ ಈ ಪೈಪ್ ಪ್ರಾರ್ಥನೆಯ ವಸ್ತು. ಬಟ್ಟಲನ್ನೂ ಕೊಳವೆಯನ್ನೂ ಸೇರಿಸಿದರೆ ಅದಕ್ಕೆ ಜೀವ ಬರುತ್ತದೆ ಅಂತ ಹಲವು ಸಮುದಾಯಗಳ ನಂಬಿಕೆ. ಅದಕ್ಕೇ ಎಷ್ಟೋ ಸಂಗ್ರಹಾಲಯಗಳು ಎರಡನ್ನೂ ಬಿಡಿಸಿ ಇಡುತ್ತವೆ. ನೋಡುವವರಿಗೆ ಚೆನ್ನಾಗಿ ಕಾಣಲಿ ಅಂತ ಜೋಡಿಸಿ ಇಡುವುದು ನನ್ನ ಮಟ್ಟಿಗೆ ತಪ್ಪು.

ಯುರೋಪಿನವರು ಮಣ್ಣನ್ನು ನೆಚ್ಚಿದರು. 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಿಳಿ ಮಣ್ಣಿನ ಪೈಪ್ ಮಾಡುತ್ತಿದ್ದರು. ಆಮೇಲೆ ಹಾಲೆಂಡಿನ ಗೌಡಾ ಪಟ್ಟಣ ಈ ಕಸುಬಿಗೇ ಹೆಸರಾಯಿತು. ಅಂಥ ಒಂದು ಮಣ್ಣಿನ ಪೈಪ್ ಈಗ ನನ್ನ ಎದುರಿಗಿದೆ. ಬಟ್ಟಲಿಗೆ ಕಿರುಬೆರಳ ತುದಿ ಮಾತ್ರ ಹೋಗುತ್ತದೆ. ಆಗ ತಂಬಾಕು ಅಷ್ಟು ದುಬಾರಿ. ಅದು ಅಗ್ಗವಾಗುತ್ತಾ ಬಂದ ಹಾಗೆ ಬಟ್ಟಲೂ ದೊಡ್ಡದಾಯಿತು. ಬಟ್ಟಲಿನ ಹಿಂದೆ ಮುಂದೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ. ಮಾಡಿದವನು ಅದನ್ನು ಚಾಕುವಿನಲ್ಲಿ ಹೆರೆದಿದ್ದಾನೆ, ಒಂದು ಕಡೆ ಚೂರು ಉಳಿದುಬಿಟ್ಟಿದೆ. ಅಡಿಯಲ್ಲಿ ಹಿಮ್ಮಡಿಯಂಥ ಸಣ್ಣ ಉಬ್ಬು. ಅದರ ಮೇಲೆ ಎರಡು ಅಕ್ಷರ ಒತ್ತಿದ್ದಾನೆ. ಅದು ಅವನ ಗುರುತು.

ಕೊಳವೆಯ ತೂತನ್ನು ತಂತಿಯಿಂದ ಮಾಡುತ್ತಿದ್ದರು. ಮಣ್ಣು ಹಸಿ ಇರುವಾಗಲೇ ಉದ್ದಕ್ಕೂ ತಂತಿ ತೂರಿಸಬೇಕು, ಪಕ್ಕಕ್ಕೆ ಹರಿದು ಹೊರಗೆ ಬರಬಾರದು. ಕಾಲ ಕಳೆದಂತೆ ಕೊಳವೆ ಉದ್ದವಾಯಿತು, ಹೊಗೆ ತಣ್ಣಗೆ ಬರಲಿ ಅಂತ. ಉದ್ದವಾದ ಹಾಗೆ ತಂತಿ ಸಣ್ಣದಾಯಿತು, ತೂತೂ ಕಿರಿದಾಯಿತು. 1954ರಲ್ಲಿ ಜೆ. ಸಿ. ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ತ್ವಜ್ಞ ಇದರಿಂದ ಒಂದು ಸೊಗಸಾದ ಲೆಕ್ಕ ಹೊರಡಿಸಿದ. ಒಂದು ಇಂಚನ್ನು 64 ಪಾಲು ಮಾಡಿ. ತೂತಿನ ಅಗಲ 9 ಪಾಲು ಇದ್ದರೆ ಪೈಪ್ ಸುಮಾರು 1590ರಿಂದ 1620ರೊಳಗಿನದು. 4 ಪಾಲು ಇದ್ದರೆ 18ನೇ ಶತಮಾನದ ಎರಡನೇ ಅರ್ಧದ್ದು. ಅಳೆಯಲು ದೊಡ್ಡ ಯಂತ್ರ ಬೇಡ, ಬೇರೆ ಬೇರೆ ಅಳತೆಯ ಡ್ರಿಲ್ ಬಿಟ್‌ಗಳು ಸಾಕು. ಒಂದೇ ಒಂದು ತುಂಡು ಹಿಡಿದು ಇಸವಿ ಹೇಳಿಬಿಡಬೇಡಿ. ಒಂದೇ ಜಾಗದಲ್ಲಿ ಸಿಕ್ಕ ಹತ್ತಾರು ತುಂಡು ಇದ್ದರೆ ಈ ಲೆಕ್ಕ ನಂಬಬಹುದು. ಮಣ್ಣಿನ ಪೈಪ್ ಬೇಗ ಒಡೆಯುತ್ತದೆ, ಒಡೆದದ್ದನ್ನು ಅಲ್ಲೇ ಎಸೆಯುತ್ತಿದ್ದರು. ಅದಕ್ಕೇ ಅಗೆಯುವವರಿಗೆ ಈ ತುಂಡುಗಳು ಅಂದರೆ ಪ್ರಾಣ.

ಬೇಯಿಸಿದ ಬರೀ ಮಣ್ಣು ತುಟಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ತುದಿಗೆ ಮೇಣ ಹಚ್ಚುತ್ತಿದ್ದರು. ಆ ಮೇಣ ಈಗಲೂ ಉಳಿದಿರಬಹುದು. ಬಿಸಿನೀರಿಗೆ ಹಾಕಿದರೆ ಹೋಯಿತು ಅಷ್ಟೇ. ಇನ್ನೊಂದು ವಿಷಯ. ದಿನಾ ಮಣ್ಣಿನ ಪೈಪ್ ಕಚ್ಚಿದವರ ಹಲ್ಲು ಸವೆದು, ಮೇಲಿನ ಕೆಳಗಿನ ಹಲ್ಲುಗಳ ನಡುವೆ ದುಂಡನೆ ಕಿಂಡಿ ಬೀಳುತ್ತಿತ್ತು. ಹಳೆ ಸಮಾಧಿಗಳ ತಲೆಬುರುಡೆಗಳಲ್ಲಿ ಇದು ಎದ್ದು ಕಾಣುತ್ತದೆ. ಪೈಪ್ ಸೇದುವವರ ತುಟಿಗೆ ಕ್ಯಾನ್ಸರ್ ಬರುವುದನ್ನು ಜರ್ಮನ್ ವೈದ್ಯ ಸೋಮರಿಂಗ್ 1795ರಲ್ಲೇ ಬರೆದಿಟ್ಟಿದ್ದ. ಸಿಗರೇಟಿಗಿಂತ ಪೈಪ್ ವಾಸಿ ಅನ್ನುವವರು ಇದನ್ನು ನೆನಪಿಡಬೇಕು.

ಇನ್ನು ಮೀರ್‌ಶಾಮ್. ಜರ್ಮನ್ ಭಾಷೆಯಲ್ಲಿ ಈ ಹೆಸರಿಗೆ ಕಡಲ ನೊರೆ ಅಂತ ಅರ್ಥ. ಸೆಪಿಯೊಲೈಟ್ ಎಂಬ ಖನಿಜ ಇದು. ಒಳ್ಳೆಯದು ಟರ್ಕಿಯ ಎಸ್ಕಿಶೆಹಿರ್ ಸುತ್ತ ನೆಲದೊಳಗೆ ಗಡ್ಡೆಗಡ್ಡೆಯಾಗಿ ಸಿಗುತ್ತದೆ. ಹಸಿ ಇದ್ದಾಗ ಸಾಬೂನಿನ ಹಾಗೆ ಕೆತ್ತಬಹುದು. ಒಣಗಿದ ಮೇಲೆ ಎಷ್ಟು ಹಗುರ ಅಂದರೆ ನೀರಿನ ಮೇಲೆ ತೇಲುತ್ತದೆ. ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು, ತೇವವನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತವೆ. 19ನೇ ಶತಮಾನದಲ್ಲಿ ವಿಯೆನ್ನಾದ ಕುಶಲಕರ್ಮಿಗಳು ಇದರಲ್ಲಿ ಕುದುರೆ, ಹೂಬಳ್ಳಿ, ಗಡ್ಡದ ಮುಖ, ಏನೇನೋ ಕೆತ್ತಿದರು. ಕೆತ್ತಿದ ಮೇಲೆ ಬಿಸಿ ಜೇನುಮೇಣದಲ್ಲಿ ಅದ್ದುತ್ತಿದ್ದರು. ಸೇದುತ್ತಾ ಹೋದಂತೆ ಹಾಲಿನ ಬಣ್ಣ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂದು. ಒಬ್ಬ ಮನುಷ್ಯನ ವರ್ಷಗಟ್ಟಲೆಯ ಅಭ್ಯಾಸ ಆ ಬಣ್ಣದಲ್ಲಿದೆ. ಅದನ್ನು ಕೊಳೆ ಅಂದುಕೊಂಡು ಉಜ್ಜಿ ತೆಗೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೀರ್‌ಶಾಮಿಗೆ ಒಣ ಮೆತ್ತನೆ ಬ್ರಶ್ ಸಾಕು. ನೆನೆದರೆ ಕಲ್ಲು ಮತ್ತೆ ಮೆತ್ತಗಾಗುತ್ತದೆ, ಸ್ಪಿರಿಟ್ ಮೇಣವನ್ನು ಕೆಡಿಸುತ್ತದೆ.

ಇವತ್ತು ಪೈಪ್ ಅಂದ ಕೂಡಲೇ ಕಣ್ಣಿಗೆ ಬರುವ ಕಂದು ಮರದ ರೂಪ ಅಷ್ಟೇನೂ ಹಳೆಯದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನ ಮರಗೆಲಸದವರು ಬ್ರಯರ್ ಹಿಡಿದರು. ಎರಿಕಾ ಅರ್ಬೋರಿಯಾ ಅಂತ ಮೆಡಿಟರೇನಿಯನ್ ಸುತ್ತಲಿನ ಒಂದು ಪೊದೆ ಇದೆ. ಕಾಂಡಕ್ಕೂ ಬೇರಿಗೂ ನಡುವೆ ಅದಕ್ಕೊಂದು ಗಂಟು ಬೆಳೆಯುತ್ತದೆ. ಅದೇ ಬ್ರಯರ್. ಕಾಡ್ಗಿಚ್ಚು ಬಂದು ಮೇಲಿನದೆಲ್ಲ ಸುಟ್ಟು ಹೋದರೂ ಆ ಗಂಟಿನಿಂದ ಗಿಡ ಮತ್ತೆ ಚಿಗುರುತ್ತದೆ. ಬೆಂಕಿ ಬಂದರೂ ಬದುಕುವ ಭಾಗವನ್ನೇ ಹುಡುಕಿ ಕೆಂಡ ಇಡುವ ಬಟ್ಟಲು ಮಾಡಿದ್ದಾರೆ ಅಲ್ವಾ! ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಗಂಟನ್ನು ಗಂಟೆಗಟ್ಟಲೆ ಕುದಿಸಿ ಒಗರು ತೆಗೆಯುತ್ತಾರೆ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅವಸರ ಮಾಡಿದರೆ ಬಿರುಕು.

ಬ್ರಯರ್ ಬಟ್ಟಲಿನ ಒಳಗೆ ಇದ್ದಿಲಿನ ಪದರ ಕಟ್ಟುತ್ತದೆ. ಅದು ಮರವನ್ನು ಕಾಯುವ ಪದರ. ಒಂದು ಮಿಲಿಮೀಟರ್ ದಪ್ಪ ಇದ್ದರೆ ಒಳ್ಳೆಯದು. ಜಾಸ್ತಿ ದಪ್ಪವಾದರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಪೂರ್ತಿ ಕೆರೆದು ಹಾಕಬೇಡಿ.

ಮೆಕ್ಕೆಜೋಳದ ದಿಂಡಿನದು ಬಡವರ ಪೈಪ್. ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಊರಿನಲ್ಲಿ ಹೆನ್ರಿ ಟಿಬ್ಬೆ ಇದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ಗಟ್ಟಿ ಮಾಡಿ 1878ರಲ್ಲಿ ಪೇಟೆಂಟ್ ಪಡೆದ. ಪಿಂಗಾಣಿ ಪೈಪ್ ನೋಡಲು ಚೆಂದ, ಆದರೆ ತೇವ ಹೀರುವುದೇ ಇಲ್ಲ. ನೀರು ಇಳಿದು ನಿಲ್ಲಲು ಕೆಳಗೆ ಬೇರೆ ಬುಡ್ಡಿ ಇಡಬೇಕಾಯಿತು.

ಕಚ್ಚುವ ತುದಿಯ ಮಾತು ಬೇರೆ. ದುಡ್ಡಿದ್ದವರಿಗೆ ಆಂಬರ್, ಅಂದರೆ ನೆಲದೊಳಗೆ ಕೋಟ್ಯಂತರ ವರ್ಷ ಇದ್ದು ಕಲ್ಲಾದ ಮರದ ಅಂಟು. 19ನೇ ಶತಮಾನದ ನಡುವೆ ಎಬೊನೈಟ್ ಬಂತು. ಅದು ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ್ದು. ಹೊಸದರಲ್ಲಿ ಕಪ್ಪಗೆ ಮಿರಿಮಿರಿ ಮಿಂಚುತ್ತದೆ. ಬೆಳಕು, ತೇವ ತಗುಲಿದರೆ ಗಂಧಕ ಮೇಲೆ ಬರುತ್ತದೆ, ಬಣ್ಣ ಹಸಿರುಗಂದಾಗುತ್ತದೆ, ಬಾಯಿಗಿಟ್ಟರೆ ಕಹಿ.

ಕೆಲಸ ಕಲಿಯುತ್ತಿದ್ದಾಗ ನಾನು ಇಲ್ಲೇ ಎಡವಿದ್ದು. ಎಬೊನೈಟ್ ತುದಿಯೊಂದು ಸ್ವಲ್ಪ ಮಾಸಿತ್ತು. ಸುಮ್ನೆ ಬೆಚ್ಚಗಿನ ಸೋಪುನೀರಿನಲ್ಲಿ ಹಾಕಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಹೊಳಪೆಲ್ಲ ಹೋಗಿ ಹಳೇ ತಾಮ್ರದ ಹಾಗೆ ಕಂದಿತ್ತು. ತಿಕ್ಕಿ ಹೊಳಪು ತರಬಹುದಿತ್ತು. ಆದರೆ ತುದಿಯಲ್ಲಿ ಹಲ್ಲಿನ ಎರಡು ಗುರುತಿದ್ದವು. ಬಹಳ ವರ್ಷ ಒಂದೇ ಜಾಗದಲ್ಲಿ ಕಚ್ಚಿ ಆದ ಗುಳಿಗಳು. ತಿಕ್ಕಿದರೆ ಅವೂ ಹೋಗುತ್ತಿದ್ದವು. ಬಣ್ಣ ಹಾಗೇ ಇರಲಿ ಅಂತ ಬಿಟ್ಟೆ. ನಾನೇ ಕೆಡಿಸಿದ್ದು ಅಂತ ದಾಖಲೆಯಲ್ಲಿ ಬರೆದೆ.

ಈಗ ಎಬೊನೈಟ್ ಇರುವ ಪೈಪ್ ಬಂದರೆ ತಣ್ಣೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒಮ್ಮೆ ಒರೆಸಿ ತಕ್ಷಣ ಒಣಗಿಸುತ್ತೇನೆ. ಬೆಳಕು ಬೀಳದ ಕಡೆ, ಬೆಳ್ಳಿ ಸಾಮಾನಿನಿಂದ ದೂರ ಇಡುತ್ತೇನೆ, ಯಾಕಂದರೆ ಅದರಿಂದ ಹೊರಡುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಪೈಪಿಗೇ ಬೆಳ್ಳಿಯ ಉಂಗುರ ಇದ್ದರೆ, ತುದಿ ಸಲೀಸಾಗಿ ಬಿಡಿಸಲು ಬಂದರೆ ಮಾತ್ರ ಬಿಡಿಸಿ ಬೇರೆ ಡಬ್ಬಿಯಲ್ಲಿ ಇಡಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ.