ಹೊಟ್ಟೆ ಸುಮ್ಮನಿರುವಾಗಲೇ ಕೊಲೊನೋಸ್ಕೋಪಿ ಏಕೆ?

"ರಕ್ತ ಹೋಗುವುದು ನಿಂತಿದೆ, ಮಾತ್ರೆ ತಪ್ಪಿಸುತ್ತಿಲ್ಲ. ಈಗೇಕೆ ಡಾಕ್ಟರೇ ಮತ್ತೆ ಕೊಲೊನೋಸ್ಕೋಪಿ?" ದೊಡ್ಡ ಕರುಳಿನ ಒಳಪದರದಲ್ಲಿ ದೀರ್ಘಕಾಲ ಉರಿಯೂತ, ಹುಣ್ಣು ತರುವ ಅಲ್ಸರೇಟಿವ್ ಕೊಲೈಟಿಸ್ ಇರುವ ಅನೇಕರು ಕೇಳುವ ಪ್ರಶ್ನೆ ಇದು. ಕೊಲೊನೋಸ್ಕೋಪಿ ಎಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ (ಎಂಡೋಸ್ಕೋಪ್) ತೂರಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಈ ಕಾಯಿಲೆ ವರ್ಷಗಟ್ಟಲೆ ಇದ್ದರೆ ಕರುಳಿನ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಕ್ಯಾನ್ಸರ್ ತಪಾಸಣೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂಬುದೇ ನನ್ನ ಉತ್ತರ. ಕಾಯಿಲೆ ಕೆರಳಿದಾಗ ದೊಡ್ಡ ಕರುಳಿನ ಒಳಪದರ ಕೆಂಪೇರಿ ಊದಿಕೊಂಡಿರುತ್ತದೆ, ತಾಗಿದರೆ ರಕ್ತ ಜಿನುಗುತ್ತದೆ. ಕ್ಯಾನ್ಸರ್‌ಗೆ ಮುಂಚಿನ ಹಂತವಾದ ಡಿಸ್‌ಪ್ಲೇಸಿಯಾ ಆ ಗದ್ದಲದಲ್ಲಿ ಕಣ್ತಪ್ಪಿಸಿಕೊಳ್ಳುತ್ತದೆ. ಪರೀಕ್ಷೆಗೆಂದು ತೆಗೆದ ಒಳಪದರದ ಚೂರನ್ನು (ಬಯಾಪ್ಸಿ) ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟರಿಗೂ ಉರಿಯೂತದ ಬದಲಾವಣೆ ಯಾವುದು, ಡಿಸ್‌ಪ್ಲೇಸಿಯಾ ಯಾವುದು ಎಂದು ಖಚಿತವಾಗಿ ಹೇಳುವುದು ಕಷ್ಟವಾಗುತ್ತದೆ.

ಲಕ್ಷಣಗಳು ಶುರುವಾಗಿ ಸುಮಾರು 8 ವರ್ಷವಾದಾಗ ಮೊದಲ ತಪಾಸಣೆ ಆಗಬೇಕು. ಲೆಕ್ಕ ಇಡಬೇಕಾದದ್ದು ಕಾಯಿಲೆಗೆ ಹೆಸರಿಟ್ಟ ದಿನದಿಂದಲ್ಲ. ನಮ್ಮಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ವರ್ಷಗಟ್ಟಲೆ ಮದ್ದು ಮಾಡಿದವರು ಬಹಳ. ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಜೀರ್ಣಾಂಗದ ಯಾವ ಭಾಗದಲ್ಲಾದರೂ ಉರಿಯೂತ ತರಬಲ್ಲ ಕ್ರೋನ್ಸ್ ಕಾಯಿಲೆ ದೊಡ್ಡ ಕರುಳಿನ ಗಣನೀಯ ಭಾಗಕ್ಕೆ ಹಬ್ಬಿದ್ದರೂ ಇದೇ ನಿಯಮ. ಗುದನಾಳಕ್ಕಷ್ಟೇ ಸೀಮಿತವಾಗಿದ್ದವರಿಗೆ ಸಾಮಾನ್ಯವಾಗಿ ಈ ವಿಶೇಷ ನಿಗಾ ಬೇಕಾಗುವುದಿಲ್ಲ.

ಪಿತ್ತನಾಳಗಳು ಗಟ್ಟಿಯಾಗಿ ಕಿರಿದಾಗುವ ಪಿಎಸ್‌ಸಿ ಕಾಯಿಲೆಯೂ ಜೊತೆಗಿದ್ದರೆ 8 ವರ್ಷ ಕಾಯುವಂತಿಲ್ಲ. ಅದು ಪತ್ತೆಯಾದಾಗಿನಿಂದಲೇ ಪ್ರತಿ ವರ್ಷ ತಪಾಸಣೆ ನಡೆಯಬೇಕು. ಹೊಟ್ಟೆನೋವಿಲ್ಲ, ಭೇದಿಯಿಲ್ಲ ಎಂದು ಇವರು ಮೈಮರೆಯುವುದೇ ನನಗೆ ಹೆಚ್ಚು ಆತಂಕ ತರುವ ಸಂಗತಿ. ಪಿಎಸ್‌ಸಿ ಇರುವವರಲ್ಲಿ ಕೊಲೈಟಿಸ್ ಹೆಚ್ಚು ಸದ್ದು ಮಾಡದೆಯೇ ಇರುತ್ತದೆ, ಅಪಾಯ ಮಾತ್ರ ಹೆಚ್ಚು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ 50 ವರ್ಷದೊಳಗೆ ಕರುಳಿನ ಕ್ಯಾನ್ಸರ್ ಬಂದಿದ್ದರೂ ವರ್ಷಕ್ಕೊಮ್ಮೆ. ಉಳಿದವರಿಗೆ ಅಪಾಯಕ್ಕೆ ತಕ್ಕಂತೆ 2–3 ವರ್ಷ, ಕೆಲವರಿಗೆ 5 ವರ್ಷದ ಅಂತರವೂ ಸಾಕು.

ಹಿಂದೆ ಪ್ರತಿ 10 ಸೆಂಟಿಮೀಟರ್‌ಗೆ ನಾಲ್ಕು ಕಡೆಯಿಂದ, ಒಟ್ಟು ಮೂವತ್ತಕ್ಕೂ ಹೆಚ್ಚು ಚೂರು ತೆಗೆಯುತ್ತಿದ್ದೆವು. ಇಷ್ಟಾದರೂ ಪರೀಕ್ಷೆಗೆ ಸಿಗುತ್ತಿದ್ದದ್ದು ಒಳಪದರದ ಅತ್ಯಲ್ಪ ಭಾಗ. ಈಗ ಕರುಳಿನ ಗೋಡೆಯ ಮೇಲೆ ಇಂಡಿಗೊ ಕಾರ್ಮಿನ್ ಅಥವಾ ಮಿಥಿಲೀನ್ ಬ್ಲೂ ಬಣ್ಣ ಸಿಂಪಡಿಸುವ ಕ್ರೋಮೋಎಂಡೋಸ್ಕೋಪಿ ಇದೆ. ಇಂಡಿಗೊ ಕಾರ್ಮಿನ್‌ನ ನೀಲಿ ಸಣ್ಣ ಸಣ್ಣ ತಗ್ಗುಗಳಲ್ಲಿ ಇಳಿದು ನಿಲ್ಲುತ್ತದೆ. ಅಷ್ಟು ಹೊತ್ತು ಸಪಾಟಾಗಿ ಕಂಡ ಜಾಗದಲ್ಲಿ ತುಸು ಉಬ್ಬಿದ ಮಚ್ಚೆಯೊಂದರ ಅಂಚು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಚೂರು ತೆಗೆಯಬೇಕಾದದ್ದು ಅಲ್ಲಿಂದಲೇ. ಹೈ ಡೆಫಿನಿಷನ್ ಎಂಡೋಸ್ಕೋಪ್ ಇದ್ದಲ್ಲಿ ಬಣ್ಣವಿಲ್ಲದೆಯೂ, ನಿಧಾನವಾಗಿ ನೋಡುವ ತಾಳ್ಮೆಯಿದ್ದರೆ, ಒಳ್ಳೆಯ ತಪಾಸಣೆ ಸಾಧ್ಯ. ಪಿಎಸ್‌ಸಿ ಇರುವವರಲ್ಲಿ, ಹಿಂದೆ ಡಿಸ್‌ಪ್ಲೇಸಿಯಾ ಕಂಡವರಲ್ಲಿ ಹಳೆಯ ಕ್ರಮದ ಬಯಾಪ್ಸಿಗಳನ್ನು ನಾನು ಈಗಲೂ ಬಿಡುವುದಿಲ್ಲ.

ಕರುಳು ಸ್ವಚ್ಛವಾಗಿರದಿದ್ದರೆ ಇದಾವುದೂ ನಡೆಯದು. ಕರುಳು ತೊಳೆಯಲು ಪರೀಕ್ಷೆಗೆ ಮುಂಚೆ ಕೊಡುವ ಭೇದಿ ಮಾಡಿಸುವ ಔಷಧವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಮಲದಲ್ಲಿ ರಕ್ತದ ಅಂಶ ಹುಡುಕುವ ಪರೀಕ್ಷೆಯಾಗಲಿ, ಸಿಟಿ ಸ್ಕ್ಯಾನ್ ಆಗಲಿ ಇದಕ್ಕೆ ಬದಲಿಯಲ್ಲ.

ಡಿಸ್‌ಪ್ಲೇಸಿಯಾ ಸಿಕ್ಕರೆ ಕರುಳನ್ನೇ ತೆಗೆದುಹಾಕುತ್ತಾರೆ ಎಂಬ ಭಯದಿಂದ ತಪಾಸಣೆಗೆ ಬಾರದವರಿದ್ದಾರೆ. ಅಂಚು ಸ್ಪಷ್ಟವಾಗಿ ಕಾಣುವ ಮಚ್ಚೆಯನ್ನು ಬಹುಪಾಲು ಎಂಡೋಸ್ಕೋಪ್ ಮೂಲಕವೇ ಪೂರ್ತಿ ತೆಗೆದು, ಕೆಲವು ತಿಂಗಳ ನಂತರ ಆ ಜಾಗವನ್ನು ಮತ್ತೆ ಪರೀಕ್ಷಿಸುತ್ತೇವೆ. ತೆಗೆಯಲಾಗದ್ದು, ಹಲವು ಕಡೆ ಹರಡಿದ್ದು ಕಂಡಾಗ ಶಸ್ತ್ರಚಿಕಿತ್ಸಕರನ್ನೂ ಕೂರಿಸಿಕೊಂಡು ಮನೆಯವರೊಡನೆ ಮಾತನಾಡುತ್ತೇವೆ.