ನಾಳೆ ಸೂರ್ಯ ಹುಟ್ಟುತ್ತಾನೆ ಅನ್ನುವುದಕ್ಕೆ ಗ್ಯಾರಂಟಿ ಏನು?

ಓದುಗರ ಪ್ರಶ್ನೆ: ಇಷ್ಟು ದಿನ ಆಗಿದ್ದು ನಾಳೆಯೂ ಆಗುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಈ ನಂಬಿಕೆಗೆ ಪುರಾವೆಯೇ ಇಲ್ಲ ಅಂತ ಡೇವಿಡ್ ಹ್ಯೂಮ್ ಹೇಳಿದ್ದಾನಂತೆ. ಇದು ಸುಮ್ನೆ ಮಾತಿನ ಚಮತ್ಕಾರವಾ? ನಮ್ಮ ದೇಶದಲ್ಲಿ ಯಾರೂ ಇದನ್ನು ಕೇಳಿರಲಿಲ್ಲವಾ?

ಉತ್ತರ: ಎರಡನೆಯ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸೋಣ. ಕೇಳಿದ್ದರು. ಹ್ಯೂಮ್ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಕೇಳಿದ್ದರು. ಕೇಳಿ ಸುಮ್ಮನಾಗಲಿಲ್ಲ, ಶತಮಾನಗಟ್ಟಲೆ ಜಗಳ ಆಡಿದರು. ಆ ಜಗಳ ಗೊತ್ತಾದರೆ ಮೊದಲನೆಯ ಪ್ರಶ್ನೆಗೂ ದಾರಿ ಸಿಗುತ್ತದೆ.

ಹ್ಯೂಮ್ ಹೇಳಿದ್ದು ಏನು ಅಂತ ನೋಡೋಣ. ಅವನು ಸ್ಕಾಟ್ಲೆಂಡಿನ ತತ್ವಜ್ಞಾನಿ, ಹುಟ್ಟಿದ್ದು 1711ರಲ್ಲಿ. 1739ರಲ್ಲಿ ಒಮ್ಮೆ, 1748ರಲ್ಲಿ ಇನ್ನೂ ಬಿಡಿಸಿ ಬರೆದ ವಾದ ಇದು. ಎರಡು ಮತ್ತು ಎರಡು ಸೇರಿ ಐದು ಅಂತ ಯಾರಾದರೂ ಹೇಳಿದರೆ ಆ ಮಾತು ತನ್ನನ್ನೇ ತಾನು ಕಡಿದುಕೊಳ್ಳುತ್ತದೆ. ನಾಳೆ ಸೂರ್ಯ ಹುಟ್ಟುವುದಿಲ್ಲ ಅಂದರೆ ಹಾಗಾಗುವುದಿಲ್ಲ. ಮಾತು ಸುಳ್ಳಿರಬಹುದು, ಆದರೆ ಅದನ್ನು ಕಲ್ಪಿಸಿಕೊಳ್ಳಲು ಏನೂ ಅಡ್ಡಿಯಿಲ್ಲ. ಅಂದರೆ ಬರೀ ತರ್ಕದಿಂದ ನಾಳೆಯ ಸೂರ್ಯನನ್ನು ಹುಟ್ಟಿಸಲು ಆಗುವುದಿಲ್ಲ. ಅನುಭವದಿಂದ ಆಗುತ್ತದಾ? ಅನುಭವವೆಲ್ಲ ನಿನ್ನೆಯವರೆಗಿನದು. ಅಲ್ಲಿಂದ ನಾಳೆಗೆ ದಾಟಬೇಕಾದರೆ ‘ಮುಂದಿನದು ಹಿಂದಿನದರ ಹಾಗೇ ಇರುತ್ತದೆ’ ಅಂತ ಒಪ್ಪಿಕೊಳ್ಳಬೇಕು. ಅದು ಹೇಗೆ ಗೊತ್ತು? ಇಲ್ಲಿಯವರೆಗೆ ಹಾಗೇ ಇತ್ತಲ್ಲ! ನೋಡಿ, ಸಾಬೀತು ಮಾಡಬೇಕಾದ ಮಾತನ್ನೇ ಸಾಕ್ಷಿಗೆ ಕರೆದುಬಿಟ್ಟೆವು.

‘ಭೂಮಿ ತಿರುಗುತ್ತದೆ ಸ್ವಾಮಿ, ಅದು ವಿಜ್ಞಾನ’ ಅಂತ ಇಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಸರಿ. ಆದರೆ ಇಲ್ಲಿಯವರೆಗೆ ನಡೆದ ನಿಯಮ ನಾಳೆಯೂ ನಡೆಯುತ್ತದೆ ಅನ್ನುವುದಕ್ಕೆ ಏನು ಆಧಾರ? ಪ್ರಶ್ನೆ ಒಂದು ಮೆಟ್ಟಿಲು ಕೆಳಗೆ ಇಳಿಯಿತು, ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಭಾರತದ ತರ್ಕಶಾಸ್ತ್ರದ ಮೊದಲ ಪಾಠ ಇದೇ. ಅಡುಗೆಮನೆಯಲ್ಲಿ ಹೊಗೆ, ಬೆಂಕಿ ಎರಡನ್ನೂ ಜೊತೆಯಾಗಿ ನೋಡಿದ್ದೇವೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಅನ್ನುವ ಈ ಸಂಬಂಧವನ್ನು ವ್ಯಾಪ್ತಿ ಅನ್ನುತ್ತಾರೆ. ಚಾರ್ವಾಕರು, ಅಂದರೆ ಪರಲೋಕವನ್ನು ಒಪ್ಪದ ಹಳೆಯ ಕಾಲದ ಭೌತವಾದಿಗಳು, ಕೈ ಹಾಕಿದ್ದು ಇಲ್ಲಿಗೇ. ‘ಎಲ್ಲ’ ಹೊಗೆಯನ್ನೂ ನೀವು ಎಲ್ಲಿ ನೋಡಿದಿರಿ? ಕಣ್ಣಿಗೆ ಕಾಣುವುದು ಎದುರಿಗೆ ಇದ್ದದ್ದು ಮಾತ್ರ. ಇನ್ನೂ ಏಳದ ಹೊಗೆ ಕಾಣುವುದಿಲ್ಲ. ಅನುಮಾನ ಪ್ರಮಾಣದಿಂದ (ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದು) ವ್ಯಾಪ್ತಿಯನ್ನು ತಿಳಿದೆ ಅಂದರೆ, ಆ ಅನುಮಾನಕ್ಕೂ ಒಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು. ಕೊನೆಯೇ ಇಲ್ಲ. ಹಿರಿಯರು ಹೇಳಿದರು ಅಂದರೆ? ಹಿರಿಯರ ಮಾತು ನಂಬಲರ್ಹ ಅನ್ನುವುದೂ ಒಂದು ಅನುಮಾನವೇ.

ಚಾರ್ವಾಕರ ಮೂಲಗ್ರಂಥ ಉಳಿದಿಲ್ಲ. ಈ ವಾದ ಇಷ್ಟು ಅಚ್ಚುಕಟ್ಟಾಗಿ ನಮಗೆ ಸಿಗುವುದು ಅವರ ವಿರೋಧಿಯೊಬ್ಬರ ಪುಸ್ತಕದಲ್ಲಿ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವರು ಬರೆದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯ ಚಾರ್ವಾಕರದ್ದು. (ಈ ಮಾಧವರು ಅದ್ವೈತಿ. ಉಡುಪಿಯ ಮಧ್ವಾಚಾರ್ಯರು ಅಂದುಕೊಳ್ಳಬೇಡಿ.) ತನಗೆ ಒಪ್ಪಿಗೆಯಿಲ್ಲದ ಮತವನ್ನು ಇಷ್ಟು ಜೋರಾಗಿ ಮಂಡಿಸುವ ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ‘ಹಾಗಾದರೆ ಹೊಗೆ ನೋಡಿ ಹೋದವರಿಗೆ ಬೆಂಕಿ ಸಿಗುತ್ತದಲ್ಲ?’ ಅಂತ ಕೇಳಿದರೆ ಅಲ್ಲಿನ ಚಾರ್ವಾಕ ತಡವರಿಸುವುದಿಲ್ಲ. ಹಿಂದೆ ಕಂಡದ್ದರ ಬಲದಿಂದಲೋ ಭ್ರಮೆಯಿಂದಲೋ ಹೋಗುತ್ತಾರೆ, ಸಿಕ್ಕರೆ ಅದು ಆಕಸ್ಮಿಕ ಅನ್ನುತ್ತಾನೆ. ಹ್ಯೂಮ್ ಹೇಳಿದ್ದೂ ಇದರ ಪಕ್ಕದ ಮಾತೇ: ನಾಳೆಯನ್ನು ನಾವು ನಂಬುವುದು ತರ್ಕದಿಂದಲ್ಲ, ರೂಢಿಯಿಂದ.

ಮೂರನೆಯ ಕಡೆಯೂ ಒಂದಿದೆ. ಅಲ್ ಗಜಾಲಿ 1095ರ ಹೊತ್ತಿಗೆ ಬಾಗ್ದಾದಿನಲ್ಲಿ ಪಾಠ ಹೇಳುತ್ತಿದ್ದ ಇಸ್ಲಾಮಿನ ದೊಡ್ಡ ವಿದ್ವಾಂಸ. ಅವನು ತೆಗೆದುಕೊಂಡ ಉದಾಹರಣೆ ಹತ್ತಿ ಮತ್ತು ಬೆಂಕಿ. ಬೆಂಕಿ ಮುಟ್ಟಿದಾಗ ಹತ್ತಿ ಉರಿಯುವುದನ್ನು ನೋಡಿದ್ದೇವೆ. ಆದರೆ ಬೆಂಕಿಯಿಂದಲೇ ಉರಿಯಿತು ಅನ್ನುವುದನ್ನು ನೋಡಿಲ್ಲ. ಒಂದರ ಜೊತೆ ಇನ್ನೊಂದು ಆಯಿತು, ಕಂಡದ್ದು ಅಷ್ಟೇ.

ಇಲ್ಲಿ ಒಂದು ಮಜಾ ಇದೆ. ಸಂಶಯ ಹೆಚ್ಚುಕಡಿಮೆ ಒಂದೇ, ಆದರೆ ಮೂವರೂ ಅದನ್ನು ಹಿಡಿದು ಹೊರಟ ಊರು ಬೇರೆ ಬೇರೆ. ಚಾರ್ವಾಕರಿಗೆ ಸ್ವರ್ಗ, ಪರಲೋಕ, ಯಜ್ಞದ ಫಲ ಇವನ್ನೆಲ್ಲ ಕೆಡವಬೇಕಿತ್ತು. ಕಾಣದ್ದನ್ನು ಅನುಮಾನದಿಂದ ತರುವ ಬಾಗಿಲನ್ನೇ ಮುಚ್ಚಿದರು. ಗಜಾಲಿಗೆ ಬೇಕಿದ್ದದ್ದು ಪವಾಡಕ್ಕೆ ಜಾಗ. ಬೆಂಕಿಗೆ ಸ್ವಂತ ಶಕ್ತಿ ಇಲ್ಲ, ಉರಿಸುವವನು ದೇವರು, ಅವನು ಬೇಡ ಅಂದರೆ ಹತ್ತಿ ಸುಡುವುದಿಲ್ಲ. ಹ್ಯೂಮ್ ಮಾತ್ರ 1748ರ ಅದೇ ಪುಸ್ತಕದಲ್ಲಿ ಪವಾಡಗಳನ್ನು ನಂಬಲು ಕಾರಣವಿಲ್ಲ ಅಂತ ಪೂರ್ತಿ ಒಂದು ಅಧ್ಯಾಯ ಬರೆದ! ಆದ್ದರಿಂದ ‘ಇವರೆಲ್ಲ ಒಂದೇ ಹೇಳಿದರು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಚಾರ್ವಾಕರಲ್ಲೂ ಎಲ್ಲರೂ ಒಂದೇ ಥರ ಇರಲಿಲ್ಲ. ಪುರಂದರ ಅನ್ನುವ ಚಾರ್ವಾಕ ದಿನನಿತ್ಯದ ಅನುಮಾನಕ್ಕೆ ತನ್ನ ತಕರಾರಿಲ್ಲ, ಲೋಕ ಮೀರಿದ ವಿಷಯಕ್ಕೆ ಅದನ್ನು ಎಳೆಯಬೇಡಿ ಅಂದ ಅಂತ ಬೌದ್ಧ ಗ್ರಂಥವೊಂದರಲ್ಲಿ ದಾಖಲಾಗಿದೆ. ಚಾರ್ವಾಕರೆಂದರೆ ಕಣ್ಣಿಗೆ ಕಂಡದ್ದು ಬಿಟ್ಟು ಏನನ್ನೂ ನಂಬದ ಮೊಂಡರು ಅನ್ನುವ ಚಿತ್ರ ಅಷ್ಟು ಸರಿಯಲ್ಲ.

ಇದಕ್ಕೆ ಉತ್ತರ ಕೊಟ್ಟವರು ಯಾರು? ನನ್ನ ಮಟ್ಟಿಗೆ ಇಡೀ ಕಥೆಯ ರುಚಿ ಇಲ್ಲಿದೆ. ಮಿಥಿಲೆಯ ನೈಯಾಯಿಕ, ಅಂದರೆ ನ್ಯಾಯ ದರ್ಶನದ ತರ್ಕಪಂಡಿತ, ಉದಯನ ಹೇಳಿದ: ಬೇರೆ ಕಾಲದಲ್ಲಿ, ಬೇರೆ ಜಾಗದಲ್ಲಿ ಹೀಗಿರಲಿಕ್ಕಿಲ್ಲ ಅಂತ ಸಂಶಯ ಪಡುತ್ತೀಯಲ್ಲ, ಆ ಬೇರೆ ಕಾಲ, ಬೇರೆ ಜಾಗ ಇದೆ ಅಂತ ನಿನಗೆ ಹೇಗೆ ಗೊತ್ತಾಯಿತು? ಅನುಮಾನದಿಂದಲೇ ಅಲ್ವಾ? ಸಂಶಯ ಇದ್ದರೆ ಅನುಮಾನ ಆಗಲೇ ಬಂತು, ಇಲ್ಲದಿದ್ದರೆ ತೊಂದರೆಯೇ ಇಲ್ಲ. ಜೊತೆಗೆ, ಸಂಶಯ ಎಲ್ಲಿಯವರೆಗೂ ಓಡುವುದಿಲ್ಲ. ವಿರೋಧ, ಅಂದರೆ ತನಗೆ ತಾನೇ ಎದುರಾಗುವ ಸ್ಥಿತಿ, ಬಂದ ಕಡೆ ಅದು ನಿಲ್ಲುತ್ತದೆ. ಇದನ್ನೆಲ್ಲ ಅವನು ಒಂದೇ ಶ್ಲೋಕದಲ್ಲಿ ಹಿಡಿದ.

12ನೇ ಶತಮಾನದಲ್ಲಿ ಶ್ರೀಹರ್ಷ ಬಂದ. ನಳ ದಮಯಂತಿಯರ ಕಥೆಯನ್ನು ಮಹಾಕಾವ್ಯ ಮಾಡಿದ ಕವಿ ಇವನೇ. ಉದಯನನ ಶ್ಲೋಕವನ್ನೇ ಎತ್ತಿಕೊಂಡು, ಕೆಲವೇ ಅಕ್ಷರ ಬದಲಾಯಿಸಿ, ಅರ್ಥವನ್ನು ತಿರುಗಿಸಿ ಹಾಕಿದ. ನಿನ್ನ ಪದ್ಯವನ್ನು ಹೀಗೆ ಓದುವುದು ನಮಗೇನೂ ಕಷ್ಟವಲ್ಲ ಅಂತ ಚುಚ್ಚಿದ ಬೇರೆ. ವಿಷಯ ಇದು: ವಿರೋಧ ಇರಬೇಕಾದರೆ ವಿರೋಧಿಸುವುದಕ್ಕೆ ಒಂದು ಸಂಶಯ ಇರಲೇಬೇಕು. ಹಾಗಿದ್ದ ಮೇಲೆ ವಿರೋಧದಿಂದ ಸಂಶಯ ಸತ್ತಿತು ಅನ್ನುವುದು ಹೇಗೆ?

14ನೇ ಶತಮಾನದಲ್ಲಿ ಮತ್ತೆ ಮಿಥಿಲೆಯಿಂದ ಗಂಗೇಶ ಉತ್ತರ ಕೊಟ್ಟ. ವಿರೋಧ ಇರುವುದು ಸಂಶಯದ ಜೊತೆ ಅಲ್ಲ, ಸಂಶಯ ಪಡುವವನ ನಡವಳಿಕೆಯ ಜೊತೆ. ಹೊಗೆ ಬೇಕಾದಾಗ ನೀನು ಬೆಂಕಿ ಹಚ್ಚುತ್ತೀಯ. ಹಸಿವಾದಾಗ ಊಟ ಮಾಡುತ್ತೀಯ. ಇನ್ನೊಬ್ಬರಿಗೆ ತಿಳಿಸಬೇಕಾದಾಗ ಮಾತಾಡುತ್ತೀಯ. ಇಷ್ಟೆಲ್ಲ ಮಾಡುತ್ತಲೇ ಕಾರಣದಿಂದ ಕಾರ್ಯ ಆಗುತ್ತದೋ ಇಲ್ಲವೋ ಅಂತ ಸಂಶಯ ಇದೆ ಅಂದರೆ ಯಾರು ನಂಬುತ್ತಾರೆ?

ಗಂಗೇಶನನ್ನು ಹ್ಯೂಮ್ ಓದಿದ್ದ ಅನ್ನುವುದಕ್ಕೆ ಯಾವ ಕುರುಹೂ ಇಲ್ಲ. ಆದರೂ ಎದುರಿಗೆ ಕೂತು ಕೇಳಿದವನ ಹಾಗೆ ಉತ್ತರ ಬರೆದಿಟ್ಟಿದ್ದಾನೆ. ನನ್ನ ನಡವಳಿಕೆಯೇ ನನ್ನ ಸಂಶಯವನ್ನು ಸುಳ್ಳಾಗಿಸುತ್ತದೆ ಅನ್ನುತ್ತೀರಿ. ಬದುಕುವವನಾಗಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ವಿಚಾರ ಮಾಡುವವನಾಗಿ, ಈ ನಂಬಿಕೆಯ ಬುನಾದಿ ಏನು ಅಂತ ತಿಳಿಯುವ ಕುತೂಹಲ ಇದೆ. ಹ್ಯೂಮ್ ಹೇಳಿದ್ದು ಹೆಚ್ಚುಕಡಿಮೆ ಹೀಗೆ.

ಗೆದ್ದವರು ಯಾರು? ಪುರಾವೆ ಕೊಡಿ ಅನ್ನುವ ಮಟ್ಟಿಗೆ ಹ್ಯೂಮ್ ಸರಿ. ಬೆಂಕಿ ಹಚ್ಚುತ್ತೀಯಲ್ಲ ಅಂದ ಮಾತ್ರಕ್ಕೆ ಬೆಂಕಿ ನಾಳೆ ಹೊಗೆ ಕೊಡುತ್ತದೆ ಅಂತ ಸಾಬೀತಾಗುವುದಿಲ್ಲ. ಆದರೆ ನೈಯಾಯಿಕರ ಹತ್ತಿರ ಇನ್ನೊಂದು ಮಾತಿದೆ, ನನಗೆ ಅದು ಹೆಚ್ಚು ತೂಕದ್ದು ಅನ್ನಿಸುತ್ತದೆ. ನಂಬಿಕೆಗೆ ಕಾರಣ ಕೇಳುವ ಹಾಗೆ ಸಂಶಯಕ್ಕೂ ಕಾರಣ ಕೇಳಬೇಕು. ‘ಹಾಗಾಗದೇ ಇರಬಹುದು’ ಅನ್ನುವುದು ಪೂರ್ತಿ ಸಂಶಯವಲ್ಲ. ಸಂಶಯಕ್ಕೆ ಎಡೆ ಕೊಡುವ ಏನೋ ಒಂದು ಕಾರಣ ಇರಬೇಕು.

ಅದಕ್ಕೇ ಅವರು ಉಪಾಧಿಯನ್ನು ಹುಡುಕಿದರು. ಹೊಗೆ ಇದ್ದಲ್ಲಿ ಬೆಂಕಿ, ಸರಿ. ಬೆಂಕಿ ಇದ್ದಲ್ಲಿ ಹೊಗೆ? ಅಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಲು ಹಸಿ ಸೌದೆ ಬೇಕು. ಹಸಿ ಸೌದೆಯೇ ಇಲ್ಲಿ ಉಪಾಧಿ, ಅಂದರೆ ಕಣ್ಣಿಗೆ ಬೀಳದೆ ಹಿಂದೆ ಕೂತು ಕೆಲಸ ಮಾಡುವ ಷರತ್ತು. ಎರಡು ಸಂಗತಿ ಎಷ್ಟು ಸಲ ಜೊತೆಯಾಗಿ ಬಂದವು ಅಂತ ಎಣಿಸುತ್ತಾ ಕೂರಬೇಡಿ, ಹಿಂದೆ ಹಸಿ ಸೌದೆ ಇದೆಯಾ ನೋಡಿ.

20ನೇ ಶತಮಾನಕ್ಕೆ ಬಂದರೆ, ಇಂಗ್ಲಿಷ್ ತತ್ವಜ್ಞಾನಿ ಬರ್ಟ್ರಂಡ್ ರಸಲ್ 1912ರಲ್ಲಿ ಹೇಳಿದ ಕೋಳಿಯ ಕಥೆ ಬಹಳ ಜನಪ್ರಿಯ. ದಿನಾ ಕಾಳು ಹಾಕುತ್ತಿದ್ದ ಮನುಷ್ಯನೇ ಕೊನೆಗೆ ಅದರ ಕತ್ತು ಮುರಿಯುತ್ತಾನೆ. ಹಿಂದಿನ ದಿನದವರೆಗೂ ಕೋಳಿಯ ಲೆಕ್ಕ ತಪ್ಪಿರಲಿಲ್ಲ. ಮುಂದೆ 1934ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಕಾರ್ಲ್ ಪಾಪರ್ ಬೇರೆ ದಾರಿ ಹಿಡಿದ. ವಿಜ್ಞಾನ ಹೀಗೆ ಲೆಕ್ಕ ಹಾಕಿ ನಂಬುವುದೇ ಇಲ್ಲ, ಊಹೆ ಮಾಡಿ ಅದನ್ನು ಸುಳ್ಳು ಮಾಡಲು ನೋಡುತ್ತದೆ ಅಂದ. ಜಾಣ ಉತ್ತರ, ಆದರೆ ಸಾಲದು. ಹತ್ತಾರು ಪರೀಕ್ಷೆ ದಾಟಿದ ಸೇತುವೆಯ ಮೇಲೆಯೇ ನಾಳೆ ಬಸ್ ಯಾಕೆ ಓಡಿಸುತ್ತೇವೆ ಅಂತ ಕೇಳಿದರೆ ಮತ್ತೆ ಹ್ಯೂಮ್ ಬಾಗಿಲಲ್ಲಿ ನಿಂತಿರುತ್ತಾನೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ: ಇದು ಮಾತಿನ ಚಮತ್ಕಾರವಲ್ಲ. ನೀವು ಕೇಳುವಂಥ ಗ್ಯಾರಂಟಿ ಸೂರ್ಯನಿಗೂ ಇಲ್ಲ. ಹಾಗಂತ ಎಲ್ಲ ಊಹೆಗಳೂ ಸಮ ಅಲ್ಲ. ‘ಬೆಂಗಳೂರಿನಲ್ಲಿ ಸೈಟಿನ ರೇಟು ಯಾವತ್ತೂ ಇಳಿದಿಲ್ಲ, ಮುಂದೂ ಇಳಿಯಲ್ಲ’ ಅನ್ನುವ ಬ್ರೋಕರ್ ಮತ್ತು ‘ನಾಳೆ ಸೂರ್ಯ ಹುಟ್ಟುತ್ತಾನೆ’ ಅನ್ನುವವರು ಇಬ್ಬರೂ ಹಿಂದಿನದನ್ನೇ ತೋರಿಸುತ್ತಾರೆ. ಆದರೆ ಮೊದಲನೆಯದರ ಹಿಂದೆ ಹಸಿ ಸೌದೆ ಯಾವುದು ಅಂತ ಪಟ್ಟಿ ಮಾಡಬಹುದು: ಕೆಲಸ, ಸಾಲದ ಬಡ್ಡಿ, ನೀರು, ರಸ್ತೆ. ಅದರಲ್ಲಿ ಒಂದು ಕೈಕೊಟ್ಟರೂ ಲೆಕ್ಕ ಬದಲಾಗುತ್ತದೆ.

ಮುಂದೆ ಓದುವ ಮನಸ್ಸಿದ್ದರೆ ಸರ್ವದರ್ಶನಸಂಗ್ರಹದ ಆ ಚಾರ್ವಾಕ ಅಧ್ಯಾಯದಿಂದ ಶುರು ಮಾಡಿ. ಚಿಕ್ಕದು, ಒಂದೇ ಸಲಕ್ಕೆ ಮುಗಿಯುತ್ತದೆ. ಗಂಗೇಶನನ್ನು ಮಾತ್ರ ಮೊದಲೇ ಮುಟ್ಟಬೇಡಿ. ಅವನ ಭಾಷೆ ಎಷ್ಟು ಬಿಗಿ ಅಂದರೆ ಗುರುಗಳಿಲ್ಲದೆ ಎರಡು ಸಾಲು ದಾಟುವುದೂ ಕಷ್ಟ.