ಚಕ್ ಬೆರ್ರಿ: ಯಾರಿಂದ ಏನು ತಗೊಂಡರು?

ರಾಕ್ ಗಿಟಾರ್ ಬಗ್ಗೆ ಓದುವಾಗ ಚಕ್ ಬೆರ್ರಿ ಹೆಸರಿನ ಮುಂದೆ ‘ಜನಕ’ ಅಂತ ಬರೆದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಅವರು ಯಾರಿಂದ ಏನು ತಗೊಂಡರು ಅಂತ ಹುಡುಕಿದರೆ ಕಲಿಯೋದು ಜಾಸ್ತಿ ಸಿಗುತ್ತದೆ.

ಹುಟ್ಟಿದ್ದು 1926ರ ಅಕ್ಟೋಬರ್ 18ರಂದು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಹದಿಹರೆಯದಲ್ಲಿ ದರೋಡೆ ಕೇಸಿನಲ್ಲಿ ಸಿಕ್ಕಿಬಿದ್ದು ಬಾಲಾಪರಾಧಿಗಳ ಜೈಲು ಸೇರಿದರು. ಹೊರಗೆ ಬಂದಿದ್ದು 21ನೇ ಹುಟ್ಟುಹಬ್ಬದ ದಿನ. ಆಮೇಲೆ ಮದುವೆ, ಕಾರ್ ಕಾರ್ಖಾನೆ ಕೆಲಸ. 1952ರ ಡಿಸೆಂಬರ್ 31ರ ರಾತ್ರಿ ಪಿಯಾನೋ ವಾದಕ ಜಾನಿ ಜಾನ್ಸನ್ ಅವರ ತಂಡದಲ್ಲಿ ಒಬ್ಬರು ಕಾಯಿಲೆ ಬಿದ್ದರು. ಆ ಜಾಗಕ್ಕೆ ಬೆರ್ರಿಗೆ ಕರೆ ಬಂತು. ಇಲ್ಲಿ ಅಂಡರ್‌ಲೈನ್ ಮಾಡಿಕೊಳ್ಳಿ.

ಯಾಕೆ ಅಂದರೆ ಗಿಟಾರ್‌ನವರಿಗೆ ಇಷ್ಟವಾದ ಶ್ರುತಿ ಇ (E), ಎ (A). ಎಡಗೈಯಲ್ಲಿ ಒತ್ತದೆ ಬಿಟ್ಟ ತಂತಿಗಳೇ ಅಲ್ಲಿ ಸುಮಾರು ಕೆಲಸ ಮಾಡಿಕೊಡುತ್ತವೆ. ಜಾನ್ಸನ್ ನುಡಿಸುತ್ತಿದ್ದದ್ದು ಬಿ-ಫ್ಲಾಟ್, ಇ-ಫ್ಲಾಟ್. ಅಲ್ಲಿ ಆ ಸೌಕರ್ಯ ಕಮ್ಮಿ, ಹೆಚ್ಚುಕಮ್ಮಿ ಎಲ್ಲವನ್ನೂ ಬೆರಳಲ್ಲೇ ಒತ್ತಬೇಕು. ಕಷ್ಟ ನಿಜ. ಆದರೆ ಹಾಗೆ ಕಲಿತ ಬೆರಳ ಪಟ್ಟನ್ನು ಗಿಟಾರ್ ಕತ್ತಿನ ಮೇಲೆ ಹಾಗೇ ಮೇಲೆ ಕೆಳಗೆ ಸರಿಸಿದರೆ ಸಾಕು, ಯಾವ ಶ್ರುತಿಗಾದರೂ ಹೊಂದುತ್ತದೆ. ಪಿಯಾನೋದವರ ಎಡಗೈ ಮತ್ತೆ ಮತ್ತೆ ನುಡಿಸುವ ‘ಬೂಗಿ’ ಲಯವನ್ನೂ ಬೆರ್ರಿ ಗಿಟಾರ್‌ಗೆ ತಂದರು. ದಪ್ಪ ತಂತಿ ಎರಡನ್ನು ಜೊತೆಗೆ ಹಿಡಿದು ಸ-ಪ ಎರಡು ಸಲ, ಕಿರುಬೆರಳು ಚಾಚಿ ಸ-ದ ಎರಡು ಸಲ. ಮಾಡಿ ನೋಡಿ, ಎರಡೇ ನಿಮಿಷಕ್ಕೆ ಬೆರಳು ನೋಯುತ್ತದೆ!

ಸೋಲೋದಲ್ಲಿ ಎರಡು ತಂತಿ ಒಟ್ಟಿಗೆ ಮೀಟೋದು, ಎಳೆದು ಸ್ವರ ಏರಿಸೋದು ಬ್ಲೂಸ್ (ಕರಿಯ ಅಮೆರಿಕನ್ನರ ಸಂಗೀತ) ಗಿಟಾರಿಸ್ಟ್ ಟಿ-ಬೋನ್ ವಾಕರ್ ಅವರ ದಾರಿ. ‘ಜಾನಿ ಬಿ. ಗುಡ್’ ಹಾಡಿನ ಆ ಪ್ರಸಿದ್ಧ ಆರಂಭ ಲೂಯಿಸ್ ಜೋರ್ಡನ್ ತಂಡದ ಗಿಟಾರಿಸ್ಟ್ ಕಾರ್ಲ್ ಹೋಗನ್ 1946ರಲ್ಲೇ ನುಡಿಸಿದ್ದು. ಕದ್ದರು ಅಂತ ನಾನು ಹೇಳಲ್ಲ. ಹೋಗನ್ ಬಳಿ ಅದು ಬರೀ ಪೀಠಿಕೆ. ಬೆರ್ರಿ ಅದರ ಮೇಲೆ ಇಡೀ ಒಂದು ಶೈಲಿಯನ್ನೇ ಕಟ್ಟಿದರು.

1955ರ ಮೇನಲ್ಲಿ ಷಿಕಾಗೋಗೆ ಹೋದಾಗ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರು ರೆಕಾರ್ಡ್ ಕಂಪನಿಯ ಲಿಯೊನಾರ್ಡ್ ಚೆಸ್‌ರನ್ನು ನೋಡು ಅಂದರು. ಚೆಸ್ ಬ್ಲೂಸ್ ಕೇಳ್ತಾರೆ ಅಂದುಕೊಂಡು ಹೋದರೆ ಅವರಿಗೆ ಹಿಡಿಸಿದ್ದು ಬಿಳಿಯರ ಹಳ್ಳಿ ಹಾಡು ‘ಐಡಾ ರೆಡ್’ ಆಧರಿಸಿದ ಹಾಡು. ಅದೇ ‘ಮೇಬೆಲೀನ್’ ಆಯಿತು. ಕರಿಯರ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ ಐದನೆಯದು. ರೇಡಿಯೋ ನಿರೂಪಕ ಅಲನ್ ಫ್ರೀಡ್ ಹೆಸರೂ ರಚನಕಾರರ ಸಾಲಿನಲ್ಲಿ ಸೇರಿಕೊಂಡಿತು, ರಾಯಲ್ಟಿಯಲ್ಲಿ ಪಾಲೂ ಹೋಯಿತು. ಪೂರ್ತಿ ಹಕ್ಕು ವಾಪಸ್ ಬಂದಿದ್ದು 1986ರಲ್ಲಿ. ವಿಚಿತ್ರ ನೋಡಿ, ಬೆರ್ರಿಯ ಹಾಡುಗಳನ್ನು ಕಟ್ಟಿದ್ದರಲ್ಲಿ ತನಗೂ ಪಾಲಿದೆ ಅಂತ 2000ದಲ್ಲಿ ಜಾನ್ಸನ್ ಬೆರ್ರಿ ಮೇಲೆಯೇ ಕೇಸ್ ಹಾಕಿದರು. ತುಂಬಾ ವರ್ಷ ಕಳೆದುಹೋಗಿದೆ ಅಂತ ಕೋರ್ಟ್ ವಜಾ ಮಾಡಿತು. ಶ್ರುತಿಗಳನ್ನು ನೋಡಿದರೆ ಜಾನ್ಸನ್ ಮಾತಿನಲ್ಲಿ ಹುರುಳಿತ್ತು ಅನ್ನಿಸುತ್ತದೆ.

ಇನ್ನೊಂದು ವಿಷಯ ಟಿಪ್ಪಣಿಯಿಂದ ಬಿಡಬಾರದು. 14 ವರ್ಷದ ಹುಡುಗಿಯನ್ನು ರಾಜ್ಯದ ಗಡಿ ದಾಟಿಸಿದ ಕೇಸಿನಲ್ಲಿ ಬೆರ್ರಿ 1962–63ರಲ್ಲಿ ಜೈಲಿನಲ್ಲಿದ್ದರು. ಅದೇ 1963ರಲ್ಲಿ ರೋಲಿಂಗ್ ಸ್ಟೋನ್ಸ್ ಮೊದಲ ರೆಕಾರ್ಡ್ ತಂದರು, ಬೆರ್ರಿ ಹಾಡಿನಿಂದಲೇ. ಬೀಟಲ್ಸ್ ಕೂಡ ಅವರ ಹಾಡುಗಳನ್ನು ಹಾಡಿದರು. 1977ರಲ್ಲಿ ‘ಜಾನಿ ಬಿ. ಗುಡ್’ ವಾಯೇಜರ್ ಬಾಹ್ಯಾಕಾಶ ನೌಕೆಯಲ್ಲಿ ಕಳಿಸಿದ, ಭೂಮಿಯ ಸಂಗೀತ ತುಂಬಿದ ಚಿನ್ನದ ತಟ್ಟೆ ಸೇರಿತು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯೇ ಅವರದ್ದೂ, ಅಲ್ವಾ!

ಅಭ್ಯಾಸಕ್ಕೆ: ‘ಜಾನಿ ಬಿ. ಗುಡ್’ ಹೆಡ್‌ಫೋನ್ ಹಾಕಿ ಕೇಳಿ. ಫ್ರೆಡ್ ಬಿಲೋ ಅವರ ಡ್ರಮ್ಸ್ ಹಳೇ ಸ್ವಿಂಗ್ ಲಯದಲ್ಲಿ (ಒಂದು ಪೆಟ್ಟು ಉದ್ದ, ಒಂದು ಗಿಡ್ಡ) ತೂಗುತ್ತಿರುತ್ತದೆ. ಬೆರ್ರಿಯ ಬಲಗೈ ಮಾತ್ರ ಎಂಟೂ ಪೆಟ್ಟನ್ನು ಸಮಸಮ ಹೊಡೆಯುತ್ತದೆ. ಮೊದಲು ಡ್ರಮ್ಸ್ ಜೊತೆ ಚಪ್ಪಾಳೆ ತಟ್ಟಿ, ಆಮೇಲೆ ಗಿಟಾರ್ ಜೊತೆ. ಎರಡೂ ಎಲ್ಲಿ ಉಜ್ಜುತ್ತವೆ ಅಂತ ಗುರುತು ಹಾಕಿಕೊಳ್ಳಿ.